ಸ್ವಂತವಾಗಿ ಮರ ಕಪಾತು ಕೆಲಸ ಶುರು ಮಾಡಬೇಕು ಅಂತಿದ್ದೇನೆ: ರೇಟು, ಪರ್ಮಿಷನ್, ಅಪಾಯ ಗೊತ್ತಿರುವವರು ಹೇಳಿ

ಹೊಸಬ_ಹಾಸನ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷದಿಂದ ಒಬ್ಬ ಮೇಸ್ತ್ರಿ ಕೈಕೆಳಗೆ ಮರ ಹತ್ತಿ ಕೊಂಬೆ ಕಡಿಯುವ ಕೆಲಸ ಮಾಡುತ್ತಿದ್ದೇನೆ. ಮಳೆಗೆ ಮುಂಚೆ ಕಾಫಿ ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರೋದು), ಉಳಿದ ಸಮಯದಲ್ಲಿ ಟೌನಲ್ಲಿ ಮನೆ ಪಕ್ಕದ ಮಾವು, ತೆಂಗು, ಸಿಲ್ವರ್ ಓಕ್. ಈಗ ಸ್ವಂತವಾಗಿ ಹಿಡಿಯೋಣ ಅಂತ ಮನಸ್ಸಾಗಿದೆ. ಹತ್ತೋದು, ಕೊಯ್ಯೋದು ಬರುತ್ತದೆ. ಸ್ಟಿಲ್ ಕಂಪನಿಯ ಸಣ್ಣ ಚೈನ್‌ಸಾ ಒಂದಿದೆ, ಹಗ್ಗ ಇದೆ, ಜೊತೆಗೆ ಬರೋಕೆ ತಮ್ಮ ಇದ್ದಾನೆ.

ಗೊತ್ತಿಲ್ಲದಿರೋದು ಮಿಕ್ಕಿದ್ದೆಲ್ಲ. ರೇಟು ಹೇಗೆ ಹೇಳಬೇಕು? ಮನೆಯವರು "ನಮ್ಮ ಮರ, ನೀನು ಕಡಿ" ಅಂದರೆ ಸಾಕಾ, ಕಾಗದ ಬೇಕಾ? ಬಿದ್ದರೆ ಏನು ಗತಿ? ಮೇಸ್ತ್ರಿ ಇದ್ಯಾವುದನ್ನೂ ನಮಗೆ ಹೇಳುತ್ತಿರಲಿಲ್ಲ.

ಸಕಲೇಶಪುರದ_ಏಣಿ

ದಿನದ ಲೆಕ್ಕಕ್ಕೆ ಹೋಗಬೇಡ ಮಾರಾಯ. ಮರದ ಲೆಕ್ಕಕ್ಕೂ ಬೇಡ. ಜಾಗದ ಲೆಕ್ಕ ಹಾಕು.

ಒಂದೇ ಗಾತ್ರದ ಎರಡು ಮಾವಿನ ಮರ ಅಂದುಕೋ. ಒಂದು ಗದ್ದೆ ಬದುವಿನಲ್ಲಿದೆ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಇನ್ನೊಂದು ಮನೆ ಹಿಂದಿದೆ. ಒಂದು ಕಡೆ ಶೀಟಿನ ಬಚ್ಚಲು, ಇನ್ನೊಂದು ಕಡೆ ಬಾವಿ, ಕೆಳಗೆ ಸೆಪ್ಟಿಕ್ ಟ್ಯಾಂಕಿನ ಚಪ್ಪಡಿ, ಕಾಂಪೌಂಡ್ ಆಚೆ ಪಕ್ಕದವರ ಕಾರು. ಅಲ್ಲಿ ಒಂದು ಕೊಂಬೆಯನ್ನೂ ಸುಮ್ನೆ ಬೀಳಿಸೋ ಹಾಗಿಲ್ಲ. ತುಂಡು ತುಂಡಾಗಿ ಕಟ್ಟಿ, ಹಗ್ಗದಲ್ಲಿ ಇಳಿಸಬೇಕು. ಎರಡು ದಿನದ ಕೆಲಸ. ಮನೆಯವರಿಗೆ ಕಾಣೋದು ಗರಗಸದ ಸದ್ದು ಮಾತ್ರ. ನಿನಗೆ ದುಡ್ಡು ಬರಬೇಕಾದದ್ದು ಕೊಂಬೆ ಎಲ್ಲಿ ಇಳಿಯುತ್ತದೆ ಅನ್ನೋದಕ್ಕೆ. ಈ ಮಾತನ್ನು ರೇಟು ಹೇಳುವಾಗಲೇ ಅವರಿಗೆ ಹೇಳು.

ಫೋನಲ್ಲಿ ಯಾವತ್ತೂ ರೇಟು ಹೇಳಬೇಡ. ಹೋಗಿ ನೋಡು. ಮೊದಲು ತಲೆ ಎತ್ತಿ: ಒಣಗಿದ ಕೊಂಬೆ, ಹೆಜ್ಜೇನು, ಕಣಜದ ಗೂಡು, ಕರೆಂಟ್ ತಂತಿ. ಆಮೇಲೆ ಬುಡದ ಸುತ್ತ ಒಂದು ಸುತ್ತು ಬಾ. ಬುಡದಲ್ಲಿ ಅಣಬೆ ಎದ್ದಿದೆಯಾ, ಮರ ವಾಲಿದ್ದರೆ ಅದರ ಹಿಂಬದಿಯಲ್ಲಿ ಮಣ್ಣು ಬಿರುಕು ಬಿಟ್ಟಿದೆಯಾ ನೋಡು. ಕೊಡಲಿ ಹಿಂಭಾಗದಿಂದ ಕಾಂಡಕ್ಕೆ ಬಡಿ. ಗಟ್ಟಿ ಮರ ಕಿಣ್ ಅನ್ನುತ್ತದೆ, ಪೊಳ್ಳು ಮರ ಡಬ್ ಅನ್ನುತ್ತದೆ. ಡಬ್ ಅಂದ ಮರಕ್ಕೆ ಹಗ್ಗ ಹಾಕುವ ಮುಂಚೆ ಎರಡು ಸಲ ಯೋಚನೆ ಮಾಡು.

ಇನ್ನೊಂದು. ಒಪ್ಪಂದ ಆದ ಕೂಡಲೇ ವಾಟ್ಸಾಪಲ್ಲಿ ಬರೆದು ಕಳಿಸು. ಯಾವ ಕೊಂಬೆ, ಎಲ್ಲಿವರೆಗೆ, ಸೌದೆ ಯಾರಿಗೆ, ಸೊಪ್ಪು ಸದೆ ಎತ್ತೋದು ಯಾರು, ದುಡ್ಡು ಯಾವಾಗ. ನಮ್ಮ ಕೆಲಸದಲ್ಲಿ ಜಗಳ ಬರೋದು ಮರ ಕಡಿಯುವಾಗಲ್ಲ, ಸದೆ ಎತ್ತುವಾಗ.

ಮಲ್ಲೇಶ್ವರದ_ಹಿತ್ತಲು

ನಾನು ಮರ ಕಡಿಸುವ ಕಡೆಯವಳು. ಕಾಂಪೌಂಡಿನಲ್ಲಿ ಹಳೇ ಗುಲ್‌ಮೊಹರ್ ಇದೆ. ಮೂರು ಜನರನ್ನು ಕರೆಸಿದೆ. ಒಬ್ಬರು 4 ಸಾವಿರ ಅಂದರು, ಒಬ್ಬರು 9 ಸಾವಿರ, ಒಬ್ಬರು 22 ಸಾವಿರ. ಒಂದೇ ಮರಕ್ಕೆ! ಯಾರನ್ನು ನಂಬೋದು ಹೇಳಿ. 4 ಸಾವಿರದವರು "ತಲೆ ಪೂರ್ತಿ ಹಾರಿಸಿಬಿಡ್ತೀನಿ ಅಮ್ಮ, ಇನ್ನೈದು ವರ್ಷ ಚಿಂತೆ ಇಲ್ಲ" ಅಂದರು. ಕೇಳೋಕೆ ಚೆನ್ನಾಗಿತ್ತು.

ಮೈಸೂರು_ಗರಗಸ

ಮೇಡಂ, ಆ 4 ಸಾವಿರದವರನ್ನು ದಯವಿಟ್ಟು ಹತ್ತಿಸಬೇಡಿ.

ತಲೆ ಹಾರಿಸಿದ ಮರ ಸುಮ್ನೆ ಕೂರಲ್ಲ. ಎಲೆ ಎಲ್ಲ ಹೋದ ಮೇಲೆ ಅದಕ್ಕೆ ಊಟ ಇಲ್ಲ. ಹೆದರಿಕೊಂಡು ಕಡಿದ ಜಾಗದ ಸುತ್ತ ಹತ್ತಾರು ಚಿಗುರು ಒಟ್ಟಿಗೆ ಬಿಡುತ್ತದೆ. ಆ ಚಿಗುರು ಒಳಗಿನ ಮರದಿಂದ ಬಂದದ್ದಲ್ಲ, ತೊಗಟೆ ಪಕ್ಕದಿಂದ ಬಂದದ್ದು. ಅಂಟಿಕೊಂಡಿರುತ್ತದೆ ಅಷ್ಟೆ. ಒಂದೆರಡು ವರ್ಷಕ್ಕೆ ಅದೇ ದಪ್ಪ ಕೊಂಬೆ ಆಗುತ್ತದೆ. ಅಷ್ಟರಲ್ಲಿ ಕಡಿದ ಮೋಟಿನೊಳಗೆ ನೀರಿಳಿದು ಕೊಳೆತಿರುತ್ತದೆ. ಗುಲ್‌ಮೊಹರ್ ಮೊದಲೇ ಪೆಡಸು ಮರ, ಬೇರೂ ಮೇಲುಮೇಲೆ. ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿಮಳೆಗೆ ಬೆಂಗಳೂರಿನಲ್ಲಿ ಆಟೋ ಮೇಲೆ, ಕಾರಿನ ಮೇಲೆ ಬೀಳೋದರಲ್ಲಿ ಇದು ಸದಾ ಇರುತ್ತದೆ. ಬೋಳಿಸಿದರೆ ಆ ಅಪಾಯವನ್ನು ನಾವೇ ಸಾಕಿದ ಹಾಗೆ.

ಯಾರನ್ನು ಕರೆಯಬೇಕು ಅಂತ ತಿಳಿಯೋಕೆ ಒಂದು ಪ್ರಶ್ನೆ ಸಾಕು. "ದೊಡ್ಡ ಕೊಂಬೆ ಹೇಗೆ ತೆಗೀತೀರಿ?" ಅಂತ ಕೇಳಿ. ಬುಡಕ್ಕೆ ಸಮ ಮಾಡಿ ಒಂದೇ ಸಲ ಕೊಯ್ತೀನಿ ಅಂದರೆ ಟೀ ಕೊಟ್ಟು ಕಳಿಸಿ. ಕೆಲಸ ಗೊತ್ತಿದ್ದವನು ಮೂರು ಸಲ ಕೊಯ್ಯುತ್ತಾನೆ. ಮೊದಲು ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ, ಕಾಲುಭಾಗದಷ್ಟು. ಆಮೇಲೆ ಅಲ್ಲಿಂದ ಎರಡು-ಮೂರು ಇಂಚು ಆಚೆ, ಮೇಲಿನಿಂದ. ಕೊಂಬೆ ಅಲ್ಲಿಗೆ ಮುರಿದು ಹೋಗುತ್ತದೆ, ತೊಗಟೆ ಕಾಂಡದುದ್ದಕ್ಕೂ ಸಿಗಿಯೋದಿಲ್ಲ. ಉಳಿಯೋದು ಒಂದಡಿ ಮೋಟು. ಕೊಂಬೆ ಕಾಂಡ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ, ತೊಗಟೆ ಅಲ್ಲಿ ಸುಕ್ಕುಸುಕ್ಕು. ಆ ಉಬ್ಬನ್ನು ಮುಟ್ಟದೆ, ಅದರ ಹೊರಗೆ ಮೋಟು ತೆಗೆಯಬೇಕು. ಗಾಯ ಮುಚ್ಚುವ ಶಕ್ತಿ ಇರೋದು ಆ ಉಬ್ಬಿನಲ್ಲೇ.

ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಅನ್ನುವವರು ಸಾವಿರಾರು ಮರ ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಮರ ಗಾಯ ವಾಸಿ ಮಾಡಿಕೊಳ್ಳಲ್ಲ, ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಬೇರೆ ಇಡುತ್ತದೆ ಅಂತ. 1970ರ ದಶಕದ ಮಾತು. ಟಾರು, ಪೇಂಟು ಬಳಿದರೆ ಕೊಳೆಯೋದು ನಿಲ್ಲಲ್ಲ ಅಂತಲೂ ಅವರೇ ಹೇಳಿದ್ದು. ನಮ್ಮಲ್ಲಿ ಇವತ್ತಿಗೂ ಬಳಿಯುತ್ತಾರೆ, ಗಿರಾಕಿಗೆ ಕೆಲಸ ಪೂರ್ತಿ ಆಯ್ತು ಅನ್ನೋ ಸಮಾಧಾನ ಅಷ್ಟೆ.

ತೋಟದ_ಯಜಮಾನ_ಮೂಡಿಗೆರೆ

ಪೇಂಟ್ ವಿಷಯ ಒಪ್ಪುತ್ತೇನೆ, ಆದರೆ ಮಳೆಗಾಲದ ಮುಂದೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚೋದನ್ನು ನಾನಂತೂ ಬಿಡಲ್ಲ. ನಮ್ಮಲ್ಲಿ ಸುರಿಯೋ ಮಳೆಯೇ ಬೇರೆ.

ಹೊಸಬರಿಗೆ ಒಂದು ಮಾತು. ಮನೆ ಮರ ಬೇರೆ, ತೋಟದ ಮರ ಬೇರೆ. ನಮಗೆ ನೆರಳು ಪೂರ್ತಿ ಹೋಗಬಾರದು, ಪೂರ್ತಿ ಇರಲೂಬಾರದು. ಮಳೆಗಾಲದಲ್ಲಿ ಕತ್ತಲು ಜಾಸ್ತಿಯಾದರೆ ಕಾಫಿ ಗಿಡಕ್ಕೆ ಕೊಳೆರೋಗ. ಬೇಸಿಗೆಯಲ್ಲಿ ಬಿಸಿಲು ಜಾಸ್ತಿಯಾದರೆ ಎಲೆ ಸುಟ್ಟು ಹೋಗುತ್ತದೆ. ಯಾವ ಕೊಂಬೆ ತೆಗೆದರೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಮರದ ಮೇಲೆ ನಿಂತು ಹೇಳಬಲ್ಲ ಆಳು ಸಿಕ್ಕರೆ ಕೇಳಿದ್ದು ಕೊಟ್ಟು ಕರೆಸುತ್ತೇವೆ. ಸಿಗೋದೇ ಇಲ್ಲ. ಇನ್ನು ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಕೊಂಬೆ ಕಡಿದು ಬಳ್ಳಿ ಮೇಲೆ ಎಸೆದರೆ ಆ ವರ್ಷದ ಮೆಣಸು ಹೋಯಿತು. ಕೆಳಗೆ ಅರೇಬಿಕಾ ಕಾಫಿ ಗಿಡದ ರೆಕ್ಕೆ (ಪಕ್ಕದ ಕೊಂಬೆ) ಮುರಿದರೆ ಅದೂ ಹೋಯಿತು. ಅದಕ್ಕೇ ಮರಕ್ಕಿಷ್ಟು ಅಂತ ಗುತ್ತಿಗೆ ಕೊಟ್ಟರೆ ನಮಗೆ ನಷ್ಟ. ಗುತ್ತಿಗೆಯವನು ಓಡುತ್ತಾನೆ.

ಸಕಲೇಶಪುರದ_ಏಣಿ

ಯಜಮಾನರೇ, ಕೇಳಿದ್ದು ಕೊಡ್ತೀವಿ ಅನ್ನೋದು ಇಲ್ಲಿ ಬರೆಯೋಕೆ ಸುಲಭ. ತೋಟಕ್ಕೆ ಬಂದಾಗ "ಹೋದ ವರ್ಷ ಇಷ್ಟೇ ಕೊಟ್ಟಿದ್ದು" ಅಂತ ಶುರುವಾಗುತ್ತದೆ. 😀

ಅದಿರಲಿ. ಹೊಸಬ, ತೋಟದಲ್ಲಿ ಮರದ ಗುರುತು ಚೆನ್ನಾಗಿರಬೇಕು. ಹೊಲಗೇರಿ ಮರಕ್ಕೆ ಮಚ್ಚು ಹಾಕಿದರೆ ಸೊನೆ ಚಿಮ್ಮಿ ಮೈಯೆಲ್ಲ ಬೊಬ್ಬೆ ಬರುತ್ತದೆ, ಕೆಲವರಿಗೆ ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ಹಾಲುವಾಣ ಮೆತ್ತಗೆ, ಮೇಲಿಂದ ಮುಳ್ಳು. ನೇರಳೆ ನೋಡೋಕೆ ದಪ್ಪ ಕೊಂಬೆ, ಹೇಳದೆ ಕೇಳದೆ ಮುರಿಯುತ್ತದೆ. ನುಗ್ಗೆಯನ್ನಂತೂ ಏಣಿ ಹಾಕಿಯೇ ಮಾಡು. ಹಲಸು, ಹುಣಸೆ ನಂಬಬಹುದು. ಎಲ್ಲಕ್ಕಿಂತ ಕೆಟ್ಟದ್ದು ಒಣಗಿ ನಿಂತ ಮರ. ಹಗ್ಗ ಎಷ್ಟು ಒಳ್ಳೆಯದಾದರೂ ಕಟ್ಟಿದ ಕೊಂಬೆಯೇ ಕಿತ್ತು ಬಂದರೆ ಏನು ಪ್ರಯೋಜನ? ಅಂಥದ್ದಕ್ಕೆ ಕ್ರೇನ್ ಬಾಡಿಗೆ ಸೇರಿಸಿ ರೇಟು ಹೇಳು. ಗಿರಾಕಿ ಒಪ್ಪದಿದ್ದರೆ ಬಿಡು.

ನಿವೃತ್ತ_ಲೈನ್‌ಮ್ಯಾನ್

ತಂತಿ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿರಿ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆ ಮರಗಸಿ, ಮೆಣಸು ಕೊಯ್ಲು ಸಮಯದಲ್ಲಿ ಪೇಪರಲ್ಲಿ ಒಂದೇ ಥರದ ಸುದ್ದಿ ಬರುತ್ತದೆ. ಅಲ್ಯೂಮಿನಿಯಂ ಏಣಿ, 11 ಕೆವಿ ಲೈನು. ಮರ ಹತ್ತುವಾಗ ಅಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಏಣಿ ಸಾಗಿಸುವಾಗಲೇ ಜಾಸ್ತಿ. ಇಬ್ಬರು ನಿಲ್ಲಿಸಿಕೊಂಡೇ ಏಣಿ ಎತ್ತಿಕೊಂಡು ಹೋಗುತ್ತಾರೆ, ಕಣ್ಣು ಕಾಲಿನ ಕಡೆ ಇರುತ್ತದೆ, ಮೇಲಿನ ತುದಿ ತಂತಿಗೆ ತಾಗುತ್ತದೆ. ಏಣಿಯನ್ನು ಮಲಗಿಸಿ ಸಾಗಿಸಿ. ಲೈನ್ ಇರುವ ತೋಟದಲ್ಲಿ ಅಲ್ಯೂಮಿನಿಯಂ ಬೇಡವೇ ಬೇಡ. ಬಿದಿರು ಅಥವಾ ಫೈಬರ್. ಬಿದಿರೂ ನೆನೆದಿದ್ದರೆ ನಂಬಬೇಡಿ. ಹಸಿ ಕೊಂಬೆಯೂ ಅಷ್ಟೆ, ತಂತಿಗೆ ಒರಗಿದರೆ ಕರೆಂಟ್ ಮರದೊಳಗೆ ಬರುತ್ತದೆ.

ಲೈನ್ ಹತ್ತಿರ ಕೆಲಸ ಇದ್ದರೆ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕ್ರಮವಾಗಿ ಲೈನ್ ಆಫ್ ಮಾಡಿಸೋದು) ತೆಗೆಸಿ. ಪರಿಚಯದ ಲೈನ್‌ಮ್ಯಾನ್‌ಗೆ ಫೋನ್ ಮಾಡಿ "ಅಣ್ಣಾ ಹತ್ತು ನಿಮಿಷ ಆಫ್ ಮಾಡು" ಅನ್ನೋ ವ್ಯವಹಾರ ಬೇಡ. ಆಫ್ ಮಾಡಿದವನ ಡ್ಯೂಟಿ ಮುಗಿದು, ಇನ್ನೊಬ್ಬ ಬಂದು ಆನ್ ಮಾಡಿದರೆ? ಆಫ್ ಆದ ಮೇಲೂ ಲೈನನ್ನು ಅರ್ಥ್ ಮಾಡಿದ್ದಾರಾ ಕೇಳಿ. ಯಾರದೋ ಮನೆಯ ಜನರೇಟರ್ ಅಥವಾ ಯುಪಿಎಸ್ ವೈರಿಂಗ್ ಸರಿ ಇಲ್ಲದಿದ್ದರೆ ಸತ್ತ ಲೈನಿಗೂ ಜೀವ ಬರುತ್ತದೆ. ಮರ ಆಗಲೇ ತಂತಿ ಮೇಲೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ, 1912ಕ್ಕೆ ಫೋನ್ ಮಾಡಿ.

ಹೊಸಬ_ಹಾಸನ

ಸರ್, ನಾವು ಏಣಿ ನಿಲ್ಲಿಸಿಕೊಂಡೇ ಸಾಗಿಸೋದು. ಎಲ್ಲರೂ ಹಾಗೇ. ತಮ್ಮನಿಗೂ ಓದಿಸಿದೆ.

ಕಾಗದ ಪತ್ರದ ಬಗ್ಗೆ ಯಾರಾದರೂ ಹೇಳಿ.

ಮೈಸೂರು_ಗರಗಸ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಮನೆಯವರ ಸ್ವಂತ ಜಾಗದ ಮರ ಆದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಹಳ್ಳಿ ಕಡೆ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ, ಬೆಂಗಳೂರಲ್ಲಿ ಪಾಲಿಕೆಯ ಅರಣ್ಯ ವಿಭಾಗ. ಬುಡ ಕಡಿಯೋದು ಮಾತ್ರ ಅಲ್ಲ, ಬೋಳಿಸೋದು, ಬುಡದ ಸುತ್ತ ತೊಗಟೆ ಕೆತ್ತೋದು, ಔಷಧಿ ಹಾಕಿ ಒಣಗಿಸೋದು, ಸುಡೋದು ಎಲ್ಲವೂ ಅದರಲ್ಲಿ ಬರುತ್ತದೆ. ಸತ್ತ ಮರ, ರೋಗ ಬಂದದ್ದು, ಜೀವಕ್ಕೋ ಆಸ್ತಿಗೋ ಅಪಾಯ ಇರುವುದು, ಇಂಥವಕ್ಕೆ ಅನುಮತಿ ಕೊಡಲೇಬೇಕು ಅಂತ ಕಾಯ್ದೆಯಲ್ಲೇ ಇದೆ. ಕಡಿದದ್ದಕ್ಕೆ ಬದಲು ಗಿಡ ನೆಡಬೇಕು.

ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ತೆಂಗು, ರಬ್ಬರ್, ಸುಬಾಬುಲ್ ಇಂಥ ಕೆಲವಕ್ಕೆ ವಿನಾಯಿತಿ ಇದೆ. ನಿಮ್ಮ ತೋಟದ ಕೆಲಸದಲ್ಲಿ ಸಿಲ್ವರ್ ಓಕೇ ಜಾಸ್ತಿ, ಹಾಗಾಗಿ ಮೇಸ್ತ್ರಿ ಕಾಗದದ ಮಾತೇ ಎತ್ತಿರಲ್ಲ. ಊರೊಳಗೆ ಮಾವು, ಹೊಂಗೆ, ಮಳೆಮರ ಮುಟ್ಟಿದಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಗಂಧ, ಬೀಟೆ ಕಂಡರೆ ಮಚ್ಚು ಚೀಲದಿಂದ ತೆಗೆಯಲೇಬೇಡಿ.

ಅರ್ಜಿ ಹಾಕೋದು ಮರದ ಮಾಲೀಕರ ಕೆಲಸ. ಆದೇಶದ ಪ್ರತಿ ಫೋನಿಗೆ ಬಾರದೆ ನಾನು ಹಗ್ಗ ಬಿಚ್ಚಲ್ಲ. ಪಕ್ಕದ ಮನೆಯವರು ಪೊಲೀಸ್ ಕರೆದಾಗ ಮಾಲೀಕರು ಒಳಗೆ ಪೂಜೆಗೆ ಕೂತಿರುತ್ತಾರೆ, ಮರದ ಮೇಲೆ ಇರೋದು ನಾವು.

ಮಲ್ಲೇಶ್ವರದ_ಹಿತ್ತಲು

22 ಸಾವಿರ ಅಂದವರು ಮೊದಲು ಕೇಳಿದ್ದು ಇದನ್ನೇ! "ಪರ್ಮಿಷನ್ ತಗೊಂಡು ಫೋನ್ ಮಾಡಿ" ಅಂತ ಹೊರಟೇ ಹೋದರು. ನನಗೆ ಆಗ ಸಿಟ್ಟು ಬಂದಿತ್ತು.

ಶಿರಸಿ_ಕೊನೆಗೌಡ

ನಮ್ಮ ಕಡೆ ಅಡಿಕೆ. ಒಂದು ಮರ ಹತ್ತಿ, ಕೊನೆ (ಅಡಿಕೆ ಗೊನೆ) ಕೊಯ್ದು ಹಗ್ಗದಲ್ಲಿ ಬಿಟ್ಟು, ತುದಿಯಿಂದಲೇ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟೋದು. ಮಳೆಗಾಲದಲ್ಲಿ ಬೋರ್ಡೋ ಹೊಡೆಯೋಕೂ ನಾವೇ. ಕಾಂಡ ಪಾಚಿ ಕಟ್ಟಿ ಜಾರುತ್ತದೆ, ಮೈಮೇಲೆ ಸುಣ್ಣ ಮೈಲುತುತ್ತ.

ಈಗ ಕಾರ್ಬನ್ ಫೈಬರ್ ದೋಟಿ (ಉದ್ದದ ಕೊಯ್ಯುವ ಕೋಲು) ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ಕೆಲಸ ಹೋಯ್ತು ಅಂತ ನಮ್ಮವರು ಕೆಲವರು ಬೈದರು. ನಾನು ಸಾಲ ಮಾಡಿ ಒಂದು ದೋಟಿ ತಗೊಂಡೆ. ಈಗ ದೋಟಿ ಸಮೇತ ನನ್ನನ್ನೇ ಕರೆಯುತ್ತಾರೆ. ಕತ್ತು ನೋವು ಬರುತ್ತದೆ, ದಿನವಿಡೀ ಮೇಲೆ ನೋಡಿ ನೋಡಿ. ಆದರೆ ಸಂಜೆ ಮನೆಗೆ ಹೋಗುತ್ತೇನೆ ಅನ್ನೋ ಧೈರ್ಯ ಇದೆ. ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಅಡಿಕೆ ಮರ ಹತ್ತುವ ಬೈಕ್ ಮಾಡಿದ್ದು ನೀವೆಲ್ಲ ವಿಡಿಯೋದಲ್ಲಿ ನೋಡಿರುತ್ತೀರಿ. ಒಣ ಮರಕ್ಕೆ ಚೆನ್ನಾಗಿದೆ.

ಲೀಡ್ಸ್_ಕನ್ನಡಿಗ

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ನಾನು ಸ್ವಂತ ವ್ಯಾನ್ ಇಟ್ಟುಕೊಂಡ ಮರದ ಕೆಲಸದವರ ಜೊತೆ ಕೆಳಗಿನ ಆಳಾಗಿ ವಾರದ ಕೊನೆಗೆ ಹೋಗುತ್ತೇನೆ. ಕಾನೂನು ಇಲ್ಲೂ ಕಟ್ಟುನಿಟ್ಟು. ಕೌನ್ಸಿಲ್‌ನವರು ಸಂರಕ್ಷಣಾ ಆದೇಶ ಹಾಕಿದ ಮರಕ್ಕೆ ಅರ್ಜಿ ಕೊಟ್ಟು ಎಂಟು ವಾರ ಕಾಯಬೇಕಾಗಬಹುದು. ಹಕ್ಕಿ ಗೂಡು ಕಟ್ಟಿ ಮೊಟ್ಟೆ ಇಟ್ಟಿದ್ದರೆ ಆ ಕೊಂಬೆ ಮುಟ್ಟುವಂತಿಲ್ಲ. ಹತ್ತುವ ಹಗ್ಗ, ಬೆಲ್ಟು ಎಲ್ಲವನ್ನೂ ಆರು ತಿಂಗಳಿಗೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು.

ಆದರೆ ಸ್ವಂತ ಕೆಲಸದವರ ಗೋಳು ಒಂದೇ. ಮಳೆ ಬಂದರೆ ಆದಾಯ ಇಲ್ಲ, ಗರಗಸ ಕೆಟ್ಟರೆ ದಿನ ಹೋಯ್ತು, ಸಂಜೆ ಕೂತು ರೇಟು ಬರೆದು ಕಳಿಸಿದರೆ ಉತ್ತರವೇ ಬರಲ್ಲ. ನಮ್ಮವರು ಸದೆಯನ್ನು ಅಲ್ಲೇ ಯಂತ್ರಕ್ಕೆ ಕೊಟ್ಟು ಚೂರು ಮಾಡಿ ಹೊರುತ್ತಾರೆ, ನೀವು ಹೇಳಿದ ಜಗಳದ ಅರ್ಧ ಅಲ್ಲಿಗೆ ಮುಗಿಯುತ್ತದೆ.

ಮೇಲೆ ಚೈನ್‌ಸಾ ಬಳಸುವವರು ಎರಡು ಕಡೆ ಕಟ್ಟಿಕೊಂಡಿರಬೇಕು ಅನ್ನೋದು ಇಲ್ಲಿ ಮೊದಲ ಪಾಠ. ಹತ್ತುವ ಹಗ್ಗ ಒಂದು, ಕಾಂಡಕ್ಕೆ ಸುತ್ತಿದ ಪಟ್ಟಿ ಇನ್ನೊಂದು. ಗರಗಸ ತಪ್ಪಿ ಒಂದನ್ನು ಕೊಯ್ದರೂ ಇನ್ನೊಂದು ಹಿಡಿಯುತ್ತದೆ.

ಸಕಲೇಶಪುರದ_ಏಣಿ

ಅದು ಸರಿಯಾದ ಮಾತು. ನಮ್ಮಲ್ಲಿ ಬೆಲ್ಟ್ ಹಾಕಿದರೆ ನಗುತ್ತಾರೆ, ಕೆಲಸ ನಿಧಾನ ಅನ್ನುತ್ತಾರೆ. ನಗಲಿ. ಕೆಳಗಿನವನ ಬಗ್ಗೆಯೂ ಹೇಳುತ್ತೇನೆ. ತಮ್ಮನನ್ನು ಕರೆದುಕೊಂಡು ಹೋಗ್ತೀಯ ಅಲ್ವಾ, ಅವನ ಫೋನ್ ಗಾಡಿಯಲ್ಲಿ ಇಡಿಸು. ಅವನು ಮೇಲೆ ನೋಡಿ ಕೈ ಎತ್ತದೆ ನೀನು ಒಂದು ಕಡ್ಡಿಯನ್ನೂ ಬೀಳಿಸಬೇಡ.

ಚೈನ್ ಮಸೆಯೋದನ್ನು ಅವನಿಗೇ ಕಲಿಸು. ನಿನ್ನ ಸಣ್ಣ ಸ್ಟಿಲ್‌ಗೆ 4 ಎಂಎಂ ಗುಂಡು ಅರ ಸಾಕಾಗುತ್ತೆ ಅನಿಸುತ್ತದೆ, ಪುಸ್ತಕ ನೋಡಿಕೋ. ಕೊಯ್ಯುವಾಗ ಚಕ್ಕೆ ಬರುತ್ತಿದ್ದರೆ ಚೈನ್ ಚೂಪು ಇದೆ. ಹಿಟ್ಟು ಬರುತ್ತಿದ್ದರೆ ಇಳಿದು ಬಾ. ಮೊಂಡು ಚೈನನ್ನು ಒತ್ತಿ ಕೊಯ್ಯೋಕೆ ಹೋದರೆ ಅದು ಹಿಂದಕ್ಕೆ ಒದೆಯೋ ಅಪಾಯ ಜಾಸ್ತಿ. ಊರೊಳಗಿನ ಮರದಲ್ಲಿ ಮೊಳೆ ಗ್ಯಾರಂಟಿ. ಟ್ಯೂಷನ್ ಬೋರ್ಡು, ಬಟ್ಟೆ ತಂತಿ, ಹಳೇ ಸೀರಿಯಲ್ ಸೆಟ್ಟು. ಬೇರೆ ಚೈನ್ ಒಂದು ಚೀಲದಲ್ಲಿರಲಿ, ಅದರ ದುಡ್ಡೂ ರೇಟಿನಲ್ಲಿರಲಿ.

ತೋಟದ_ಯಜಮಾನ_ಮೂಡಿಗೆರೆ

ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಹುಳ ಬೀಳಲ್ಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಬಿದಿರಿಗಂತೂ ಇವತ್ತಿಗೂ ಅದೇ ಲೆಕ್ಕ. ನಿಮ್ಮ ಅನುಭವ?

ಮೈಸೂರು_ಗರಗಸ

ಬಿದಿರನ್ನು ಹಾಗೆ ನೋಡಿಯೇ ಕಡಿಯುವವರು ಬಹಳ ಇದ್ದಾರೆ. ಕಪಾತಿಗೆ ನಾನು ತಿಥಿ ನೋಡಲ್ಲ, ಆಕಾಶ ನೋಡುತ್ತೇನೆ. ಮಧ್ಯಾಹ್ನ ಮೂರು ಗಂಟೆ ಮೇಲೆ ಮೋಡ ಕಟ್ಟಿದರೆ ಇಳಿಯೋದೇ.

ಶಿರಸಿ_ಕೊನೆಗೌಡ

ವಿಮೆ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಪ್ರತಿ ವರ್ಷ ಮೇ ಕೊನೆಗೆ ಖಾತೆಯಲ್ಲಿ ದುಡ್ಡಿರಬೇಕು, ಇಲ್ಲದಿದ್ದರೆ ನಿಂತುಹೋಗುತ್ತದೆ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಬೇರೆ ಇದೆ, ಬೆಂಗಳೂರಿನಲ್ಲಿ ಮಂಡಳಿಯ ಕಚೇರಿ ಇದೆ, ವಿಚಾರಿಸಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಕೂಡ ಮಾಡಿಸಿಡಿ.

ಇವೆಲ್ಲ ನಿಮಗೆ. ಪಕ್ಕದ ಮನೆ ಹೆಂಚು ಒಡೆದರೆ ಇದರಲ್ಲಿ ಯಾವ ವಿಮೆಯೂ ಬರಲ್ಲ, ನಿಮ್ಮ ಜೇಬೇ. ಆಸ್ಪತ್ರೆಯಲ್ಲಿ ಮಲಗಿದ ದಿನದ ಕೂಲಿಯೂ ಇಲ್ಲ. ಅದಕ್ಕೇ ರೇಟು ಹೇಳುವಾಗ ನಾಚಿಕೆ ಬೇಡ.

ಹೊಸಬ_ಹಾಸನ

ತುಂಬಾ ಉಪಕಾರ ಆಯ್ತು. ಬೇಲೂರು ರಸ್ತೆಯಲ್ಲಿ ಒಂದು ಕೆಲಸ ಬಂದಿದೆ, ಭಾನುವಾರ ರೇಟು ಹೇಳಬೇಕು. ಹಳೇ ಹಲಸು, ಹೆಂಚಿನ ಮನೆ ಕಡೆ ವಾಲಿದೆ. "ಸೌದೆ ನೀನೇ ತಗೋ, ಕೂಲಿ ಬೇಡ ಅಲ್ವಾ" ಅನ್ನುತ್ತಿದ್ದಾರೆ. ಹಲಸಿನ ಮರಕ್ಕೆ ಬೆಲೆ ಇದೆ ಅಂತ ನನಗೂ ಆಸೆ ಆಗುತ್ತಿದೆ.

ಸಕಲೇಶಪುರದ_ಏಣಿ

ಕೂಲಿ ಬೇರೆ, ಮರ ಬೇರೆ. ಹಲಸಿನ ನಾಟಾಕ್ಕೆ (ದಿಮ್ಮಿಗೆ) ಬೆಲೆ ಇರೋದು ನಿಜ, ಆದರೆ ಹಳೇ ಮರದ ತಿರುಳು ಪೊಳ್ಳೋ ಗಟ್ಟಿಯೋ ಕೊಯ್ದ ಮೇಲೇ ಗೊತ್ತಾಗೋದು. ಪೊಳ್ಳಾದರೆ ನಿನಗೆ ಸಿಗೋದು ಸೌದೆ ಮಾತ್ರ. ನಾಟಾ ಸಾಗಿಸೋಕೆ ಅರಣ್ಯ ಇಲಾಖೆಯ ಪಾಸ್ ಬೇಕಾಗಬಹುದು, ಅದನ್ನೂ ಕೇಳಿಕೋ. ಕೂಲಿ ಪೂರ್ತಿ ಹೇಳು. ಮರವನ್ನು ಅವರೇ ಮಿಲ್ಲಿನವರಿಗೆ ಮಾರಿಕೊಳ್ಳಲಿ.

ಬುಡದ ಫೋಟೋ ಹಾಕು, ವಾಲಿದ ಕಡೆಯದಲ್ಲ, ಹಿಂಬದಿಯದು. ಮನೆ ಕಡೆ ವಾಲಿದ ಮರವನ್ನು ಕೆಳಗಿನಿಂದ ಕೊಯ್ಯೋ ಯೋಚನೆ ಬೇಡ, ಮಧ್ಯಕ್ಕೆ ಸೀಳಿಕೊಂಡು ಎದ್ದು ಬಡಿಯುತ್ತದೆ. ಮೇಲಿನಿಂದ ಇಳಿಸಬೇಕು.

ಹೊಸಬ_ಹಾಸನ

ಮಣ್ಣು ಬಿರುಕು ಬಿಟ್ಟಿದೆ ಅಣ್ಣಾ. ಕೈ ಬೆರಳು ಒಳಗೆ ಹೋಗುವಷ್ಟು. ಫೋಟೋ ಈಗಲೇ ಹಾಕುತ್ತೇನೆ.

ಮೈಸೂರು_ಗರಗಸ

ಹಾಗಾದರೆ ಹತ್ತಬೇಡಿ. ಮನೆಯವರನ್ನು ಆ ಕಡೆಯ ಕೋಣೆಯಲ್ಲಿ ಮಲಗಬೇಡಿ ಅಂತ ಇವತ್ತೇ ಹೇಳಿ, ಅರ್ಜಿಯಲ್ಲಿ ಅಪಾಯದ ಮರ ಅಂತ ಬರೆಸಿ, ಈ ಫೋಟೋವನ್ನೇ ಲಗತ್ತಿಸಲಿ. ಹಾಸನದಲ್ಲಿ ಕ್ರೇನ್ ಬಾಡಿಗೆ ವಿಚಾರಿಸಿ ಭಾನುವಾರದ ರೇಟಿಗೆ ಸೇರಿಸಿ.